ಬಾಕ್ಸರ್ ಕೊಟ್ಟು ಬಂದದ್ದು

ಪುಷ್ಯ ಮಳೆ ಹಿಡಿದ ನಾಲ್ಕನೆಯ ದಿನ
ಗಾಡಿ ಕೊಟ್ಟುಬರಲು ಹೊರಟೆ,
ಆರ್‌ಸಿ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಬನಿಯನ್ನಿನೊಳಗೆ ಹೊಟ್ಟೆಗೆ ಅಂಟಿಸಿಕೊಂಡು.
ಆಯನೂರು ದಾಟುವಷ್ಟರಲ್ಲಿ ರೇನ್‌ಕೋಟು
ಹೆಸರಿಗಷ್ಟೇ ಕೋಟು.

ಸಂಪೆಕಟ್ಟೆಯ ಜಬ್ಬಾರ್ ಫೋನಿನಲ್ಲಿ ಹೇಳಿದ್ದ:
'ಹೊಳವಾದ ಮೇಲೆ ಬನ್ನಿ ಡಾಕ್ಟ್ರೇ.'
(ಡಾಕ್ಟರಲ್ಲ ನಾನು, ದನದಾಸ್ಪತ್ರೆಯ ಕಾಂಪೌಂಡರು;
ಹಳ್ಳಿಗಳು ಕೊಟ್ಟ ಬಡ್ತಿ ಅದು, ಸರಕಾರದ್ದಲ್ಲ.)
ಮಳೆ ಬಿಡಲೆಂದು ಕಾದರೆ
ಮನಸ್ಸು ಬಿಟ್ಟೀತೆ ಗಾಡಿಯನ್ನು?

ಎಡಗೈ ಹೆಬ್ಬೆರಳ ಬುಡದಲ್ಲಿ
ಹುಂಚದ ಎಮ್ಮೆಯೊಂದು ಎಂದೋ ಇಟ್ಟ ಇಡುಗಂಟು
ಈಗ ಬಡ್ಡಿ ಸಮೇತ ಕೈಗೆ ಬಂದಿದೆ.
ಕ್ಲಚ್ಚು ಒತ್ತಿದಾಗಲೆಲ್ಲ ಎಮ್ಮೆಯ ನೆನಪು.
ಪಾಪ, ಅದಕ್ಕೂ ಕರು ಅಡ್ಡ ಸಿಕ್ಕಿತ್ತು.

ರಿಪ್ಪನ್‌ಪೇಟೆಯಲ್ಲಿ ಚಹಾ. ಗ್ಲಾಸಿನ ಬಿಸಿಗೆ
ಬೆರಳುಗಳು ಒಂದೊಂದಾಗಿ ಮನೆಗೆ ಬಂದವು.
ಅಂಗಡಿಯಾಕೆ ಹೊರಗೆ ಇಣುಕಿ
'ಇನ್ನೂ ಇದೆಯಾ ಇದು?' ಅಂದಳು.
ನನ್ನನ್ನೇ ಕೇಳಿದಳೇನೋ ಎಂದು
'ಇದ್ದೇನಮ್ಮ' ಅಂದೆ.

ಹೊಸನಗರ ಕಳೆದ ಮೇಲೆ
ರಸ್ತೆ ಯಾವುದು ಹಳ್ಳ ಯಾವುದು
ಎಂಬುದು ಅವರವರ ನಂಬಿಕೆ.
ಒಂದು ಕಡೆ ಧರೆ ಜರಿದು ಕೆಮ್ಮಣ್ಣು ಡಾಂಬರಿನ ಮೇಲೆ;
ಅದರ ಮೇಲೆ ಬೇರು ಆಕಾಶಕ್ಕೆ ಮಾಡಿ ಮಲಗಿದ ನೇರಳೆ.
ಕತ್ತಿ ಹಿಡಿದ ಮೂವರು, ಕಂಬಳಿಕೊಪ್ಪೆಯೊಳಗಿಂದ
ಬೀಡಿಯ ಕೆಂಪಷ್ಟೇ ಕಾಣುವವರು,
'ಇಳೀರಿ' ಎಂದರು. ಇಳಿದೆ.
ಗಾಡಿಯನ್ನು ಮದುಮಗನ ಹಾಗೆ ಎತ್ತಿ
ಕೊಂಬೆಗಳ ಮೇಲಿಂದ ಆಚೆಗಿಟ್ಟರು.
ಹಿಂದೆ ನಾನು, ಚಪ್ಪಲಿ ಕೈಲಿ ಹಿಡಿದು,
ದಿಬ್ಬಣಕ್ಕೆ ತಡವಾದ ನೆಂಟನಂತೆ.

ಅವರಲ್ಲೊಬ್ಬ ಮುಖ ಒರೆಸಿಕೊಂಡು ಕೇಳಿದ:
'ನಮ್ಮ ಕೌಲಿ ಹಸುವಿಗೆ ಸೂಜಿ ಚುಚ್ಚಿದೋರಲ್ವಾ?'
'ಬದುಕಿತಾ?'
'ಇಲ್ಲ' ಎಂದ.
'ಆದ್ರೆ ಬಂದಿದ್ರಿ. ರಾತ್ರಿ. ಇದೇ ಗಾಡೀಲಿ.'
ನೋಟು ತೆಗೆಯಹೋದರೆ ತಾನೇ ಒಂದು ಬೀಡಿ ಕೊಟ್ಟ.
ಸೇದುವವನಲ್ಲ ನಾನು. ಜೇಬಿಗಿಟ್ಟೆ.

ನಗರದ ಕೋಟೆ ಮಂಜಿನಲ್ಲಿ ಕಾಣಲಿಲ್ಲ;
ಅಲ್ಲೇ ಇತ್ತು ಅಂತ ಲೆಕ್ಕ.
ಮುಂದಿನ ಏರಿನಲ್ಲಿ ಇಂಜಿನ್ನು
ಹೇಳದೆ ಕೇಳದೆ ನಿಂತಿತು.
ಆಗ ಕೇಳಿಸಿತು ನೋಡಿ, ಇಷ್ಟು ವರ್ಷ
ನಾನೇ ಸದ್ದು ಮಾಡಿ ಮುಚ್ಚಿಟ್ಟದ್ದು:
ಎಲೆಯಿಂದ ಎಲೆಗೆ ನೀರು ದಾಟಿಸುವ ಕಾಡು,
ಯಾರಿಗೂ ಅವಸರವಿಲ್ಲ.
ಪ್ಲಗ್ಗು ಬಿಚ್ಚಿ, ಕರವಸ್ತ್ರದ ಒಣಗಿದ ಮೂಲೆ ಹುಡುಕಿ
ಒರೆಸಿ, ಊದಿ, ಹಾಕಿದೆ.
ಉಂಬಳವೊಂದು ಕಾಲಿನ ಗಂಟಿನಲ್ಲಿ
ನನಗಿಂತ ಬೆಚ್ಚಗೆ ಕೂತಿತ್ತು.
ಹನ್ನೊಂದನೆಯ ಕಿಕ್ಕಿಗೆ ಗಾಡಿ
ಕೆಮ್ಮಿ, ಬೈದು, ಎದ್ದಿತು.

'ಮೂರನೇ ಗೇರು ಒಮ್ಮೊಮ್ಮೆ ಜಾರುತ್ತೆ.
ಇಳಿಜಾರಲ್ಲಿ ಹಿಂದಿನ ಬ್ರೇಕು ನಂಬಬೇಡ.
ಬೆಳಿಗ್ಗೆ ಚೋಕು ಅರ್ಧ ಎಳೆದು...'
ಜಬ್ಬಾರ್ ಕೇಳುತ್ತಿರಲಿಲ್ಲ.
ಸೆಣಬಿನ ದಾರ ಹಿಡಿದು ಕ್ಯಾರಿಯರ್ ಅಳೆಯುತ್ತಿದ್ದ,
ಬನ್ನು ಖಾರಿಗಳ ತಗಡಿನ ಡಬ್ಬ ಕೂರುತ್ತದೋ ಇಲ್ಲವೋ.
ಲಸಿಕೆಯ ಐಸು ಪೆಟ್ಟಿಗೆ ಇಪ್ಪತ್ತು ವರ್ಷ
ಕೂತು ಸವೆಸಿದ ಜಾಗ ಅದು.
'ಎರಡು ಬೆರಳು ಕಮ್ಮಿ' ಎಂದ.
'ಇರ್ಲಿ, ಬಡಿದು ಹಿಗ್ಗಿಸ್ತೀನಿ.'

ಅವನ ಹೆಂಡತಿ ಟವೆಲ್ಲು ತಂದಳು, ಬಿಸಿ ಬನ್ನು ತಂದಳು.
ಸಹಿ ಹಾಕಲು ಬಾಗಿದಾಗ
ಇಡೀ ದಿನ ಒಣಗಿಯೇ ಇದ್ದ ಕಾಗದದ ಮೇಲೆ
ನನ್ನ ತಲೆಯಿಂದಲೇ ಒಂದು ಹನಿ.

ಸಂಜೆಯ ಬಸ್ಸು. ತೊಡೆಯ ಮೇಲೆ ಹೆಲ್ಮೆಟ್ಟು.
'ಅದಕ್ಕೂ ಒಂದು ಹರೀಲಾ?' ಕಂಡಕ್ಟರ್ ನಕ್ಕ.
ಪ್ರತಿ ತಿರುವಿಗೂ ಎಡಗೈ ತಾನಾಗಿ
ಮುಚ್ಚಿಕೊಳ್ಳುತ್ತಿತ್ತು;
ನೋವು ಇತ್ತು, ಕ್ಲಚ್ಚಿರಲಿಲ್ಲ.

ನೇರಳೆ ಬಿದ್ದಲ್ಲಿ ಬಸ್ಸು ಮೆಲ್ಲಗಾಯಿತು.
ಮರ ತುಂಡಾಗಿ ಬದಿಗೆ ಸರಿದಿತ್ತು,
ಅವರು ಮನೆಗೆ ಹೋಗಿದ್ದರು.
ಜೇಬಿನಲ್ಲಿ ಬೀಡಿ ತಡಕಿದೆ:
ನೆನೆದು ಬಿಚ್ಚಿಕೊಂಡಿತ್ತು,
ಎಲೆ ಬೇರೆ, ಹೊಗೆಸೊಪ್ಪು ಬೇರೆ,
ನಡುವೆ ಕಟ್ಟಿದ್ದ ಕೆಂಪು ನೂಲು
ಹಾಗೇ, ಸುತ್ತಿಕೊಂಡು.