ಬೂದಿ ಕಳೆದ ತೂಕ

ಚಿಲೋಯೆ ದ್ವೀಪದಲ್ಲಿ ಮಾರ್ಚ್ ಅಂದರೆ
ಹಗಲು ಗಿಡ್ಡವಾಗುವ ಕಾಲ.
ಇಳಿತದ ಕೆಸರಲ್ಲಿ ಮೊಣಕಾಲವರೆಗೆ ಹೂತು
ಜರಡಿ ಆಡಿಸುತ್ತ ನಿಲ್ಲುತ್ತೇನೆ.
ಅರ್ಧ ಮಿಲಿಮೀಟರಿನ ಕಣ್ಣು:
ಮಣ್ಣು ಇಳಿಯುತ್ತದೆ, ಹುಳು ಉಳಿಯುತ್ತದೆ.

ಅತ್ತ ನೀರಿನಂಚಲ್ಲಿ
ಉದ್ದ ಕೊಕ್ಕಿನ ಗಾಡ್ವಿಟ್ ಹಿಂಡು
ಇದೇ ಕೆಲಸವನ್ನು ಜರಡಿಯಿಲ್ಲದೆ ಮಾಡುತ್ತಿದೆ.
ಏಪ್ರಿಲಿಗೆ ಅವು ಅಲಾಸ್ಕಾದ ಕಡೆ ಹೊರಡಬೇಕು.
ದಾರಿಬುತ್ತಿ ಕಟ್ಟಿಕೊಳ್ಳುವುದು ಮೈಯೊಳಗೇ.
ಆ ಬುತ್ತಿಯಲ್ಲಿ ಏನಿದೆ, ಎಷ್ಟಿದೆ
ಎಂದು ಬಿಚ್ಚಿ ನೋಡುವುದಕ್ಕೆ ನನಗೆ ಸಂಬಳ.

ಹಿಡಿದ ರಾತ್ರಿಯೇ ಕೊಲ್ಲುವುದಿಲ್ಲ.
ಸೋಸಿದ ಸಮುದ್ರದ ನೀರಲ್ಲಿ ಬಿಡುತ್ತೇವೆ,
ಹೊಟ್ಟೆಯ ಕೆಸರು ಖಾಲಿಯಾಗಲಿ ಎಂದು.
ಇಲ್ಲದಿದ್ದರೆ ಹುಳುವಿನ ಲೆಕ್ಕದಲ್ಲಿ
ಇಡೀ ಕೊಲ್ಲಿ ಬಂದು ಸೇರಿಕೊಳ್ಳುತ್ತದೆ.
'ಉಪವಾಸ ಕೆಡವಿ ಸಾಯಿಸುವುದು' ಅನ್ನುತ್ತಾನೆ ರೆನಾತೊ.
ಹೊಸ ಹುಡುಗ. ಇನ್ನೂ ರೂಢಿಯಾಗಿಲ್ಲ.

ಆಮೇಲೆ ಅರವತ್ತು ಡಿಗ್ರಿಯಲ್ಲಿ ಎರಡು ದಿನ.
ಹುಣಿಸೆ ನಾರಿನಂತೆ ಒಣಗಿದ ಒಂದೊಂದೂ
ನಾಲ್ಕು ಮಿಲಿಗ್ರಾಂ.
ಒಂದು ಗುಲಗಂಜಿಗೆ ಸಮ ತೂಗಲು ಮೂವತ್ತು ಬೇಕು.
ಕೆಲವನ್ನು ತವರದ ತಗಡಲ್ಲಿ ಮಡಚಿ ಸಾರಜನಕದ ಯಂತ್ರಕ್ಕೆ,
ಉಳಿದದ್ದು ಪಿಂಗಾಣಿ ಕುಡಿಕೆಯಲ್ಲಿ ಕುಲುಮೆಗೆ,
ಐನೂರ ಐವತ್ತು ಡಿಗ್ರಿ, ನಾಲ್ಕು ತಾಸು.

ಸಾಲ್ಮನ್ ಪಂಜರದ ಬದಿಯ ಹುಳು,
ನದಿಬಾಯಿಯ ಹುಳು:
ಕಣ್ಣಿಗೆ ಒಂದೇ, ಸುಟ್ಟರೆ ಬೇರೆ.

ಕೊನೆಗೆ ಕುಡಿಕೆಯ ತಳದಲ್ಲಿ ಬಿಳಿ ಬೂದಿ,
ರಂಜಕ, ಉಪ್ಪು, ಎಂದೋ ನುಂಗಿ ಉಗಿಯದ ಮರಳು.
ಅದನ್ನು ತೂಗಿ ಕಳೆಯುತ್ತೇವೆ.
ಉರಿದು ಕಾಣದೆ ಹೋದದ್ದೇ
ಹಕ್ಕಿಯ ಪಾಲು.

ಬುಧವಾರ ಅಮ್ಮ ಬಂದಳು.
ಒತಿಲಿಯಾ, ಚಿಪ್ಪು ಅಗೆದು ನನ್ನನ್ನು ಓದಿಸಿದವಳು.
ಉಗುರ ಸಂದಿಯಲ್ಲಿ ಇದೇ ಕೆಸರು, ನಲವತ್ತು ವರ್ಷದ್ದು.
'ಹುಳು ಕಿಲೋಗೆ ಎಷ್ಟು?' ಎಂದಳು.
ಏನು ಹೇಳಲಿ? ಬಾಗಿಲಲ್ಲಿ ಅವಳು ಉಸಿರು ಬಿಟ್ಟರೆ
ತಕ್ಕಡಿಯ ಕೊನೆಯ ಅಂಕಿ ಅಲ್ಲಾಡುತ್ತಿತ್ತು.
ಅದನ್ನು ಕಂಡವಳೇ
ಉಣ್ಣೆಯ ಶಾಲು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಚೀಲದಿಂದ ತೆಗೆದಳು
ಒಂದು ಕಬ್ಬಿಣದ ಬಟ್ಟು.
ದೋನ್ ಎವರಿಸ್ತೊ ಅಂಗಡಿ ಮುಚ್ಚಿದಾಗ ಗುಜರಿಗೆ ಹಾಕಿದ್ದು.
ನಮ್ಮ ಚಿಪ್ಪುಮಾಂಸವನ್ನೆಲ್ಲ ಕೊಂಡವನು,
ಕ್ರಿಸ್‌ಮಸ್ಸಿಗೆ ನನಗೆ ಮಿಠಾಯಿ ಕೊಟ್ಟವನು.
ನೆತ್ತಿಯ ಮೇಲೆ ಅರ್ಧ ಕಿಲೋ ಎಂದು ಅಚ್ಚು.
'ಇದನ್ನೊಮ್ಮೆ ಇಡು.'

ಹುಳುವಿನ ತಕ್ಕಡಿ ಇದನ್ನು ತಾಳದು.
ಪಕ್ಕದ ಕೋಣೆಯ ದೊಡ್ಡದರ ಮೇಲಿಟ್ಟೆ.
ಐನೂರ ಅರವತ್ತೆಂಟು.

ರೆನಾತೊ ಆಗಲೇ ಗುಣಿಸತೊಡಗಿದ್ದ,
ದಿನಕ್ಕೆ ಇಷ್ಟು ಕಿಲೋ, ತಿಂಗಳಿಗೆ ಇಷ್ಟು ಇಳಿತ,
ಮೂವತ್ತು ವರ್ಷ...
ಅಮ್ಮ ಅವನ ಮುಂಗೈ ಹಿಡಿದಳು.
'ಬೇಡ ಮಗಾ. ಕೈಗೆ ಗೊತ್ತಿತ್ತು.
ಅಂಕಿ ಗೊತ್ತಿರಲಿಲ್ಲ, ಅಷ್ಟೆ.'

ಕುಲುಮೆ ಟಿಕ್ಕೆಂದು ಆರಿತು.
ಅದು ತಣಿಯುವವರೆಗೆ ಹೊರಗಿನ ಮೆಟ್ಟಿಲಲ್ಲಿ ಕೂತು
ಅವಳು ತಂದ ಆಲೂಗಡ್ಡೆ ರೊಟ್ಟಿ ಮುರಿದು ತಿಂದೆವು.
ಉಬ್ಬರ ಏರುತ್ತಿತ್ತು. ಹಕ್ಕಿಗಳು ಹಿಂದೆ ಹಿಂದೆ ಸರಿಯುತ್ತ
ಕೊಕ್ಕು ಮಾತ್ರ ನಿಲ್ಲಿಸಿರಲಿಲ್ಲ.

'ಈ ಸಲ ಹುಳು ಹೇಗಿವೆ?'
'ಹೋದ ವರ್ಷಕ್ಕಿಂತ ಸತ್ವ ಕಡಿಮೆ.'
'ಉದ್ದ?'
'ಉದ್ದ ಅಷ್ಟೇ ಇದೆ.'
ಅಮ್ಮ ತುಂಬ ಹೊತ್ತು ಅತ್ತಲೇ ನೋಡಿದಳು.
'ಹಾಗಾದರೆ ಹೆಚ್ಚು ಅಗೆಯಬೇಕು, ಪಾಪ' ಎಂದಳು.
ರೊಟ್ಟಿಯ ಚೂರು ಕೊಡವಿಕೊಂಡು ಎದ್ದಳು,
ಬಸ್ಸಿನ ಹೊತ್ತಾಗಿತ್ತು.

ಸಂಜೆ ದಾಖಲೆ ಪುಸ್ತಕದಲ್ಲಿ ನೋಡುತ್ತೇನೆ,
ಮಾದರಿ ನಲವತ್ತೆರಡರ ಕೆಳಗೆ
ನನ್ನದೇ ಕೈಬರಹ: ಕಬ್ಬಿಣ, 568.
ರೆನಾತೊ ಭುಜದ ಮೇಲಿಂದ ಬಾಗಿ ಓದಿದ.
ಹೊಡೆದುಹಾಕುತ್ತಾನೆ ಅಂದುಕೊಂಡೆ.
'ಗ್ರಾಂ ಎಂದು ಬರೆಯಲು ಮರೆತಿದ್ದೀರಿ' ಎಂದ.