ಹಿಂಬಾಗಿಲು

ಆರ್ಕ್ನಿ ಸೀಮೆಯ ಈ ಪುಟ್ಟ ದ್ವೀಪದಲ್ಲಿ ಮರಗಳಿಲ್ಲ.
ಗಾಳಿ ಬಿಟ್ಟರೆ ತಾನೆ?
ತಲೆಯೆತ್ತಿ ನೋಡಲು ಇಲ್ಲಿ ಇರುವುದು ಎರಡೇ,
ಇಗರ್ಜಿಯ ಗೋಪುರ,
ಊರವರು ಷೇರು ಹಾಕಿ ನೆಟ್ಟ
ಮೂರು ರೆಕ್ಕೆಯ ಬಿಳಿ ಯಂತ್ರ.

ಯಂತ್ರದ ಲೆಕ್ಕ ಬರೆಯುವವಳು ಮೆರನ್ ಡ್ರೀವರ್.
ಅಡುಗೆಮನೆಯ ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕ.
ಇಷ್ಟು ಯೂನಿಟ್ಟು ಬಂತು,
ಇಷ್ಟು ಹೋಯಿತು,
ಇಷ್ಟು ಬರಬಹುದಿತ್ತು.
ಮೂರನೆಯ ಕಲಮಿಗೇ ಅವಳು ಹೆಚ್ಚು ಜಾಗ ಬಿಡುತ್ತಾಳೆ.

ಜನವರಿಯ ಆ ರಾತ್ರಿ
ಕುರಿದೊಡ್ಡಿಯ ತಗಡು ಹಾರಿ ಕಡಲಿಗೆ ಬಿತ್ತು.
ಆ ರಾತ್ರಿಯೇ ಯಂತ್ರ ನಿಂತಿತ್ತು.
ಕೆಟ್ಟಿರಲಿಲ್ಲ.
ದಕ್ಷಿಣದಲ್ಲೆಲ್ಲೋ ಕೂತ ಕಂಪ್ಯೂಟರು
ಕಡಲಡಿಯ ಕೇಬಲ್ಲು ತುಂಬಿದೆ, ಸಾಕು, ಎಂದಿತ್ತು.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ,
ಗಾಳಿಯೂ ಇತ್ತು, ಮೊರವೂ ಇತ್ತು,
ಕಾಳು ಸುರಿಯಲು ಕಣಜವಿರಲಿಲ್ಲ.
ಹೊರಗೆ ಬಿರುಗಾಳಿ ಕಿಟಕಿ ಗುದ್ದುತ್ತಿದ್ದಾಗ
ಒಳಗೆ ಅವಳ ಬಾಯ್ಲರು
ಹಡಗಿನಲ್ಲಿ ಬಂದ ಸೀಮೆಎಣ್ಣೆ ಕುಡಿಯುತ್ತ
ಗೊರಕೆ ಹೊಡೆಯುತ್ತಿತ್ತು.

ಬೆಳಿಗ್ಗೆ ಗ್ರೀಸು ಹಚ್ಚಲು ಬಂದ ಟಾರ್ಕಿಲ್ ಫ್ಲೆಟ್,
ಇನ್ನೂ ಮೀಸೆ ಚಿಗುರದ ಹುಡುಗ,
ಚಹಾ ಕುಡಿಯುತ್ತ ಹೇಳಿದ:
ಕೇಬಲ್ಲಿನ ಮಾತು ಬಿಡಿ ಅಜ್ಜಿ,
ನೂರು ಪಾಲು ಗಾಳಿ ಬೀಸಿದರೆ
ಐವತ್ತೊಂಬತ್ತರ ಮೇಲೆ ಚೂರು,
ಅಷ್ಟೇ, ಯಾವ ರೆಕ್ಕೆಗೂ ದಕ್ಕುವುದು.

ಉಳಿದದ್ದನ್ನು ತಿಂದವರು ಯಾರು?

ಯಾರೂ ಇಲ್ಲ. ಅದು ಹೋಗಬೇಕು.
ಎಲ್ಲವನ್ನೂ ಹಿಡಿದಿಟ್ಟರೆ
ರೆಕ್ಕೆಯ ಹಿಂದೆ ಗಾಳಿ ಸತ್ತು ಬೀಳುತ್ತದೆ,
ಬರುವ ಗಾಳಿಗೆ ಆ ಹೆಣವೇ ಅಡ್ಡ.

ಮೆರನ್ ಬಿಸ್ಕತ್ತಿನ ಡಬ್ಬಿ ಮುಚ್ಚಿದಳು, ತೆರೆದಳು.

ಅವಳಿಗೆ ಆಗ ಏಳು ವರ್ಷ.
ಅಜ್ಜನ ಕಲ್ಲಿನ ಕೊಟ್ಟಿಗೆಗೆ
ಎದುರುಬದುರು ಎರಡು ಬಾಗಿಲು.
ನಡುವೆ ನಿಂತು ಅಜ್ಜ ಬಾರ್ಲಿ ತೂರುವಾಗ
ಹೊಟ್ಟು ಹಾರಿ ಹಿಂಬಾಗಿಲಿಂದ ಕಡಲ ಕಡೆಗೆ.
ಇಷ್ಟು ಒಳ್ಳೆಯ ಗಾಳಿ ಸುಮ್ಮನೆ ಪೋಲಾಗುತ್ತದಲ್ಲ ಎಂದು
ಅವಳು ಓಡಿಹೋಗಿ ಹಿಂಬಾಗಿಲು ಮುಚ್ಚಿ
ಅಗುಳಿ ಹಾಕಿದಳು.
ಗಾಳಿ ನಿಂತಿತು.
ಕಾಳು, ಹೊಟ್ಟು ಎರಡೂ ಒಟ್ಟಿಗೇ
ಅಜ್ಜನ ಬೂಟಿನ ಮೇಲೆ.
ಅಜ್ಜ ಬೈಯಲಿಲ್ಲ. ಗಡ್ಡದ ಹೊಟ್ಟು ಕೊಡವುತ್ತ ಅಂದ:
ತೆಗಿ ಮಗಳೇ,
ಹೋಗುವವರಿಗೆ ಬಾಗಿಲಿಲ್ಲದ ಮನೆಗೆ
ಬರುವವರೂ ಇರುವುದಿಲ್ಲ.

ಹತ್ತು ವರ್ಷದ ಹಿಂದೆ ಸರ್ಕಾರದವರು ಬಂದು
ಗೋಡೆಯೊಳಗೆ ಉಣ್ಣೆ ತುಂಬಿ,
ಕಿಟಕಿಗೆ ಜೋಡಿ ಗಾಜು ಹಾಕಿ,
ಹತ್ತರಲ್ಲೊಂದು ಪಾಲು ಕುಡಿದು ಅಷ್ಟೇ ಬೆಳಗುವ
ದೀಪಗಳನ್ನು ಕೊಟ್ಟು ಹೋದರು.
ಬಿಲ್ಲು ಅರ್ಧಕ್ಕಿಳಿಯಿತು. ಮೆರನ್ ಹಿಗ್ಗಿದಳು.
ಆಮೇಲೆ ಕೋಳಿಗೂಡಿಗೊಂದು ದೀಪ,
ಗಾಜಿನ ಮನೆಯ ಟೊಮೆಟೊಗಳಿಗೆ ಶಾಖ,
ರಾತ್ರಿ ಯಾರೂ ನಡೆಯದ ದಾರಿಗೆ
ರಾತ್ರಿಯಿಡೀ ಬೆಳಕು,
ಕೊಟ್ಟಿಗೆಯಲ್ಲಿ ಇನ್ನೊಂದು ಫ್ರೀಜರು.
ದೀಪ ಕುಡಿಯುವುದು ಕಡಿಮೆಯಾಯಿತು,
ಕುಡಿಯುವ ದೀಪಗಳು ಹೆಚ್ಚಾದವು.
ಬಿಲ್ಲು ಮೆಲ್ಲಗೆ ಮೆಟ್ಟಿಲು ಹತ್ತಿ
ತನ್ನ ಹಳೆಯ ಕೋಣೆಗೇ ಬಂದು ಮಲಗಿತು.

ಹುಡುಗ ಹೋದ ಮೇಲೆ
ಅವಳು ಕೋಟು ಹೊದ್ದು ಕೊಟ್ಟಿಗೆಗೆ ನಡೆದಳು.
ಮುಂಬಾಗಿಲು ತೆರೆಯಿತು.
ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಿತ್ತು ಫ್ರೀಜರು,
ಹೊಟ್ಟೆ ತುಂಬ ಏಡಿ, ಕುರಿಮಾಂಸ,
ಹೋದ ವರ್ಷದ ಹೆಪ್ಪುಗಟ್ಟಿದ ಟೊಮೆಟೊ.
ಭುಜ ಕೊಟ್ಟು ತಳ್ಳಿದಳು. ಅಲುಗಲಿಲ್ಲ.
ಬಾಗಿಲ ಸಂದಿಯಲ್ಲಿ ಕಿರುಬೆರಳ ಗಾತ್ರದ ಗಾಳಿ
ಸಿಳ್ಳೆ ಹಾಕುತ್ತಿತ್ತು.

ಫೋನು ಮಾಡಿದಳು.
ಶನಿವಾರ ಬರುತ್ತೀಯೇನೋ ಟಾರ್ಕಿಲ್?
ಯಾಕಜ್ಜಿ, ಯಂತ್ರ ಮತ್ತೆ ನಿಂತಿತೇ?
ಇಲ್ಲಪ್ಪ, ಅದು ತಿರುಗುತ್ತಿದೆ.
ಒಂದು ಸಾಮಾನು ಸರಿಸಬೇಕು. ಭಾರವಿದೆ.
ಜೊತೆಗೊಬ್ಬನನ್ನು ಕರೆದುಕೊಂಡು ಬಾ.