ಕಿವಿಯ ಹತ್ತಿರ ಹಿಡಿದು ನೋಡು

ಒಸ್ಟ್ರಾವಾದ ಕ್ರೀಡಾಭವನ. ಫೆಬ್ರವರಿಯ ಭಾನುವಾರ.
ಬ್ಯಾಸ್ಕೆಟ್‌ಬಾಲ್ ಗೆರೆಗಳ ಮೇಲೇ ಮೇಜು ಹಾಕಿಕೊಂಡು
ಹಾವು, ಹಲ್ಲಿ, ಜೇಡ, ಜೇಡಕ್ಕೆ ಮಿಡತೆ ಮಾರುತ್ತಾರೆ.
ಯಿರ್ಝಿನಾ ಅಜ್ಜಿ ಕೋಟಿನ ಗುಂಡಿ ಬಿಚ್ಚಿಲ್ಲ.
ಮೊಮ್ಮಗ ವೊಯ್ಟ ಆಗಲೇ ಓಡಿದ್ದಾನೆ
ಆಮೆಮರಿಗಳ ಕಡೆಗೆ: ಐಸ್‌ಕ್ರೀಂ ಡಬ್ಬಿಗೆ ಆರರಂತೆ,
ಒಂದೊಂದೂ ಆಕ್ರೋಡಿನಷ್ಟು.

"ಇದು, ಅಜ್ಜಿ! ಎಷ್ಟು ಸಾಧು ನೋಡು, ಕೈಯಲ್ಲೇ ನಿದ್ದೆ."

ಸಾಧು ಅನ್ನಬೇಡ ಮಗೂ.
ಹಗಲು ಹನ್ನೊಂದಕ್ಕೆ, ದೀಪದ ಕಾವಿನಲ್ಲಿ, ಇಷ್ಟು ಗದ್ದಲದಲ್ಲಿ
ಯಾವ ಮರಿ ಮಲಗುತ್ತದೆ? ನೀನು ಮಲಗಿದ್ದುಂಟೆ?
ಕಾಲು ಮುಟ್ಟು. ಸರಕ್ಕನೆ ಒಳಗೆಳೆದುಕೊಳ್ಳಬೇಕು, ಸಿಟ್ಟಿನಿಂದ.
ಇದರದ್ದು ನೇತಾಡುತ್ತಿದೆ, ಒಗೆದು ಹಾಕಿದ ಕಾಲುಚೀಲ.
ಕಣ್ಣು ಗುಳಿಬಿದ್ದಿದೆ. ರೆಪ್ಪೆ ಊದಿದೆ.
ಹೊಟ್ಟೆಯ ಕಡೆ ಮೆಲ್ಲಗೆ ಒತ್ತು.
ಎಳೆಯ ಚಿಪ್ಪು, ತುಸು ಬಾಗಿದರೆ ಸರಿ,
ಒದ್ದೆ ರಟ್ಟಿನ ಹಾಗೆ ತಗ್ಗಬಾರದು.

"ಈಗಷ್ಟೇ ತಿಂದಿದೆ ಅಮ್ಮಾ, ಅದಕ್ಕೇ ಮಂಪರು,"
ಅನ್ನುತ್ತಾನೆ ಮೇಜಿನಾಚೆಯ ರಾಡೊವಾನ್.
ಏನು ತಿಂತು? "ಸೊಪ್ಪು." ಯಾವ ಸೊಪ್ಪು?
ಅವನು ದರದ ಚೀಟಿಯನ್ನು ನೆಟ್ಟಗೆ ಮಾಡುತ್ತಾನೆ.

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ
ಪಾರ್ಸೆಲ್ ತೂಗಿದ ಅಂಗೈ ಅವಳದು.
ಮರಿಯನ್ನು ಇಟ್ಟುಕೊಂಡು, ಒಮ್ಮೆ ಏರಿಸಿ ಇಳಿಸಿ,
ಖಾಲಿ ಲಕೋಟೆ, ಅಂದಳು. ವಿಳಾಸ ಮಾತ್ರ ಇದೆ.
ಬೆಣಚುಕಲ್ಲಿನ ಹಾಗೆ ಕೂರಬೇಕಿತ್ತು ಕೈಯಲ್ಲಿ.

ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದಳು.
ಬಹಳ ಹೊತ್ತು ಹಿಡಿದಳು.
ಮೂಗಿನ ತೂತಿನಲ್ಲಿ ಸಾಸಿವೆಯಷ್ಟು ಗುಳ್ಳೆ,
ಒಡೆದು, ಮತ್ತೆ ಕಟ್ಟಿಕೊಂಡು,
ಉಸಿರಿಗೊಂದು ಟಿಕ್. ಉಸಿರಿಗೊಂದು ಟಿಕ್.

ಗಣಿಯಿಂದ ಮೇಲೆ ಬಂದ ಅಪ್ಪ
ಗೋಡೆಯಾಚೆ ಮಲಗಿದಾಗ ಹೀಗೇ ಕೇಳುತ್ತಿತ್ತು,
ಹಸಿ ಸೌದೆ ಉರಿಯಲಾರದೆ ಉರಿದಂತೆ.
ಕಂಪನಿಯ ಡಾಕ್ಟರು ನೆಗಡಿ ಅಂದರು.
ಹನ್ನೊಂದು ಚಳಿಗಾಲ ನೆಗಡಿ.
ಆಗ ನನಗೆ ನಿನ್ನ ವಯಸ್ಸು.

"ಹಾಗಾದರೆ ಇದನ್ನೇ ಕೊಳ್ಳೋಣ," ಅಂದ ವೊಯ್ಟ.
"ನಾವು ವಾಸಿ ಮಾಡೋಣ."

ಇದಕ್ಕೆ ಅವಳ ಬಳಿ ಉತ್ತರ ತಯಾರಿರಲಿಲ್ಲ.
ಕೋಟಿನ ಮೇಲಿನ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು.
ಮರುಕಪಟ್ಟು ಕೊಂಡರೆ, ಅಂದಳು ಕೊನೆಗೆ,
ಬರುವ ಭಾನುವಾರ ಇದೇ ಜಾಗದಲ್ಲಿ ಇಂಥದ್ದೇ ಇನ್ನೊಂದು ಇರುತ್ತದೆ,
ನಿನ್ನ ಮರುಕದ ಬೆಲೆಗೆ.
ಉಳಿದ ಐದೂ ಬೇಡ. ಒಂದೇ ತಟ್ಟೆಯ ನೀರು ಕುಡಿದಿವೆ.

ಚೀಟಿಯ ಮೇಲೆ ಪಶುವೈದ್ಯೆಯ ನಂಬರು ಬರೆದು
ರಾಡೊವಾನನ ಮುಂದಿಟ್ಟಳು.
ಅವನು ಅದರ ಮೇಲೆ ಚಹಾದ ಮಗ್ಗು ಇಟ್ಟ.

ಮೂಲೆಯ ಮೇಜಿನಲ್ಲಿ ಒಬ್ಬ ಹುಡುಗಿ,
ನಾಲ್ಕೇ ಮರಿ, ಪ್ರತಿಯೊಂದಕ್ಕೂ ಕಾಗದಪತ್ರ,
ವಾರವಾರದ ತೂಕ ಬರೆದ ಗೆರೆಪುಸ್ತಕ.
ಅದರಲ್ಲೊಂದು, ಚಿಪ್ಪಿನ ಅಂಚು ಸೊಟ್ಟ,
ಎತ್ತಿದ್ದೇ ತಡ ನಾಲ್ಕೂ ಕಾಲಲ್ಲಿ ಗಾಳಿಗೆ ಈಜು ಹೊಡೆದು
ಅಜ್ಜಿಯ ಅಂಗೈ ತುಂಬ ಉಚ್ಚೆ ಹೊಯ್ದಿತು.
ಭೇಷ್, ಅಂದಳು ಯಿರ್ಝಿನಾ, ಕೈ ಒರೆಸಿಕೊಳ್ಳದೆ.

ಟ್ರಾಮಿನಲ್ಲಿ ವೊಯ್ಟ ಮಾತಾಡಲಿಲ್ಲ.
ಕಿಟಕಿಯಾಚೆ ಮುಚ್ಚಿದ ಗಣಿಯ ಗೋಪುರ ಹಾದುಹೋಯಿತು.
ಅವಳ ಕೋಟಿನೊಳಗಿನ ಡಬ್ಬಿಗೆ ಕಿವಿಯಿಟ್ಟ.
"ಏನೂ ಕೇಳಿಸುತ್ತಿಲ್ಲ ಅಜ್ಜಿ."

ಅದಕ್ಕೇ ಮಗೂ ಹಣ ಕೊಟ್ಟಿದ್ದು.

ಎರಡು ನಿಲ್ದಾಣ ಕಳೆದ ಮೇಲೆ ಅವನು ಕೇಳಿದ:
"ಅದು ಇನ್ನೂ ಟಿಕ್ ಅನ್ನುತ್ತಿರುತ್ತಾ?"